48 ಇಂಚಿನ ಚಕ್ರ: ಹತ್ತಲು ಬರುತ್ತದೆ, ಇಳಿಯಲು ಬರುತ್ತಿಲ್ಲ

ತೆಂಗಿನನಾಡು, ಲಾನ್ಸೆಸ್ಟನ್:

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರು ಕಡೆಯವನು. ಐದು ವರ್ಷದಿಂದ ಟಾಸ್ಮೇನಿಯಾದ ಲಾನ್ಸೆಸ್ಟನ್‌ನಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತಿದ್ದೇನೆ. ಇಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಇವಾಂಡೇಲ್ ಎಂಬ ಹಳ್ಳಿಯಿದೆ. ಅಲ್ಲಿ 1983ರಿಂದ ಫೆಬ್ರವರಿ ತಿಂಗಳಲ್ಲಿ ಪೆನ್ನಿ ಫಾರ್ದಿಂಗ್ ಸೈಕಲ್‌ಗಳ ಸ್ಪರ್ಧೆ ನಡೆಯುತ್ತಾ ಬಂದಿದೆ. ಮುಂದೆ ಎದೆಮಟ್ಟದ ದೊಡ್ಡ ಚಕ್ರ, ಹಿಂದೆ ಊಟದ ತಟ್ಟೆಗಿಂತ ತುಸು ದೊಡ್ಡದಾದ ಪುಟ್ಟ ಚಕ್ರ, ಮೇಲೆ ಸೀಟು. ಹಳೆಯ ಚಿತ್ರಗಳಲ್ಲಿ ನೀವೆಲ್ಲ ನೋಡಿರುತ್ತೀರಿ.

ಎರಡು ವರ್ಷ ಬೇಲಿಯ ಆಚೆ ನಿಂತು ನೋಡಿದೆ. ಈ ವರ್ಷ ನಮ್ಮ ಬೀದಿಯ ಹಿರಿಯರೊಬ್ಬರು, ಮಂಡಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ ಇನ್ನು ತಮಗೆ ಬೇಡವೆಂದು, ತಮ್ಮ 48 ಇಂಚಿನ ಸೈಕಲ್ಲನ್ನು ನನಗೆ ಬಳಸಲು ಕೊಟ್ಟಿದ್ದಾರೆ. ಹಳೆಯ ಮಾದರಿಯಂತೆ ಹೊಸದಾಗಿ ಮಾಡಿದ ಸೈಕಲ್. ನನ್ನ ಎತ್ತರ ಐದು ಅಡಿ ಎಂಟು ಇಂಚು. ಪೆಡಲ್ ತೀರಾ ಕೆಳಗಿದ್ದಾಗಲೂ ಕಾಲು ಸರಿಯಾಗಿ ಮುಟ್ಟುತ್ತದೆ.

ಹತ್ತುವುದು ನಾಲ್ಕೈದು ದಿನದಲ್ಲಿ ಬಂತು. ನೇರ ರಸ್ತೆಯಲ್ಲಿ ಹೋಗುವುದೂ ಬಂತು. ಇಳಿಯುವುದು ಬರುತ್ತಿಲ್ಲ. ನಿಲ್ಲಬೇಕೆಂದಾಗಲೆಲ್ಲ ಎಡಗಾಲು ಹಿಂದೆ, ಪುಟ್ಟ ಚಕ್ರದ ಮೇಲ್ಗಡೆ ಕಾಲಿಡಲು ಇರುವ ಸಣ್ಣ ಮೆಟ್ಟಿಲನ್ನು ಹುಡುಕುತ್ತಾ ಗಾಳಿಯಲ್ಲಿ ತಡಕಾಡುತ್ತದೆ. ಅಷ್ಟರಲ್ಲಿ ವೇಗ ಸತ್ತು ಪಕ್ಕಕ್ಕೆ ವಾಲುತ್ತೇನೆ. ಎರಡು ಸಲ ಬಿದ್ದೆ. ಒಂದು ಸಲ ಹುಲ್ಲಿನ ಮೇಲೆ, ಅದು ಲೆಕ್ಕಕ್ಕಿಲ್ಲ. ಇನ್ನೊಂದು ಸಲ ಇಳಿಜಾರಿನಲ್ಲಿ ಮನೆಯೊಂದರಿಂದ ಕಾರು ಹಿಂದಕ್ಕೆ ಬಂತೆಂದು ಬ್ರೇಕ್ ಹಿಡಿದೆ. ಹಿಂದಿನ ಚಕ್ರ ಎದ್ದಿತು, ನಾನು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹೋದೆ. ಅಂಗೈ ತರಚಿತು, ಹೆಲ್ಮೆಟ್ಟಿನ ಮುಂಭಾಗ ಒಡೆಯಿತು.

ಇನ್ನೆರಡು ಸಂದೇಹ. ಪ್ರತಿ ಸಲ ಪೆಡಲ್ ತುಳಿದಾಗ ಹ್ಯಾಂಡಲ್ ಪಕ್ಕಕ್ಕೆ ಎಳೆಯುತ್ತದೆ, ನನ್ನ ದಾರಿ ಹಾವಿನ ಹಾಗೆ ಆಗುತ್ತದೆ. ಇದು ಸೈಕಲ್ಲಿನ ದೋಷವೇ? ಜೊತೆಗೆ ಚಕ್ರ ಒಂದು ಸುತ್ತು ಬಂದಾಗಲೆಲ್ಲ ಒಂದು ಸಲ "ಟಿಕ್" ಎಂಬ ಸದ್ದು. ತಿಳಿದವರು ದಯವಿಟ್ಟು ಹೇಳಿ. ಬರುವ ಫೆಬ್ರವರಿಯಲ್ಲಿ ಆ ಬೀದಿಯಲ್ಲಿ ನಾನೂ ಓಡಿಸಬೇಕು ಎಂಬ ಆಸೆ ಬಹಳವಿದೆ.

ಗಾಲಿಗೆಳತಿ, ಕೊವೆಂಟ್ರಿ:

ತಮ್ಮಾ, ಮೊದಲು ಆ ಒಡೆದ ಹೆಲ್ಮೆಟ್ಟನ್ನು ಎಸೆದುಬಿಡಿ. ಒಂದು ಪೆಟ್ಟು ತಿಂದ ಹೆಲ್ಮೆಟ್ ಎರಡನೆಯದನ್ನು ತಡೆಯುವುದಿಲ್ಲ. ನರ್ಸ್ ಆದ ನಿಮಗೆ ನಾನು ಹೇಳಬೇಕಿಲ್ಲ, ಆದರೂ ಹೇಳುತ್ತೇನೆ.

ನಾನು ದಾವಣಗೆರೆಯವಳು. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಆರು ವರ್ಷದಿಂದ 46 ಇಂಚಿನ ಸೈಕಲ್ ಓಡಿಸುತ್ತಿದ್ದೇನೆ. ನಿಮ್ಮ ಸೈಕಲ್ಲಿನ ತವರೂರು ಇದೇ ಊರು ಎಂದರೂ ತಪ್ಪಿಲ್ಲ. ಹೊಲಿಗೆ ಯಂತ್ರಗಳ ಕೆಲಸದಲ್ಲಿದ್ದ ಜೇಮ್ಸ್ ಸ್ಟಾರ್ಲಿ, ವಿಲಿಯಂ ಹಿಲ್ಮನ್ ಜೊತೆಗೂಡಿ 1870ರಲ್ಲಿ ಏರಿಯಲ್ ಎಂಬ ಸೈಕಲ್ಲಿಗೆ ಪೇಟೆಂಟ್ ಪಡೆದದ್ದು ಇಲ್ಲಿ. ಸ್ಟಾರ್ಲಿ ತೀರಿಕೊಂಡದ್ದು 1881ರಲ್ಲಿ. ಮೂರು ವರ್ಷದ ನಂತರ ನಿಲ್ಲಿಸಿದ ಸ್ಮಾರಕ ಗ್ರೇಫ್ರಯರ್ಸ್ ಗ್ರೀನ್‌ನಲ್ಲಿದೆ. ಶಾಲೆಗೆ ಹೋಗುವಾಗ ದಿನವೂ ಅದರ ಪಕ್ಕದಲ್ಲೇ ಹಾದುಹೋಗುತ್ತೇನೆ.

ಹ್ಯಾಂಡಲ್ ಎಳೆಯುವುದು ದೋಷವಲ್ಲ. ಈ ಸೈಕಲ್ಲಿನ ಹುಟ್ಟುಗುಣ ಅದು. ಊರಿನ ಸೈಕಲ್ಲಿನಲ್ಲಿ ತುಳಿಯುವ ಚಕ್ರ ಹಿಂದೆ, ತಿರುಗಿಸುವ ಚಕ್ರ ಮುಂದೆ. ಎರಡು ಕೆಲಸಕ್ಕೆ ಎರಡು ಚಕ್ರ. ಇಲ್ಲಿ ಎರಡೂ ಕೆಲಸ ಒಂದೇ ಚಕ್ರದ ಮೇಲೆ ಬಿದ್ದಿವೆ. ಒಂದು ಕಾಲಿನಿಂದ ತುಳಿದರೆ ಚಕ್ರ ಮುಂದೆ ಹೋಗುವುದರ ಜೊತೆಗೆ ಪಕ್ಕಕ್ಕೂ ತಿರುಗಲು ನೋಡುತ್ತದೆ. ಅದನ್ನು ಕೈ ತಡೆಯಬೇಕು. ಹೀಗಾಗಿ ಪ್ರತಿ ತುಳಿತಕ್ಕೂ ಅದೇ ಪಕ್ಕದ ಕೈ ಹ್ಯಾಂಡಲ್ಲನ್ನು ತನ್ನ ಕಡೆಗೆ ಮೆಲ್ಲಗೆ ಎಳೆಯುತ್ತಿರಬೇಕು. ಮೊಸರು ಕಡೆಯುವಾಗ ಹಗ್ಗವನ್ನು ಎರಡು ಕೈಗಳೂ ಸರದಿಯಂತೆ ಎಳೆಯುತ್ತವಲ್ಲ, ಆ ಲಯ. ಎರಡು ವಾರದಲ್ಲಿ ಕೈ ತಾನಾಗಿಯೇ ಕಲಿಯುತ್ತದೆ. ಜೋರಾಗಿ ತುಳಿದಷ್ಟೂ ಎಳೆತ ಹೆಚ್ಚು. ಆದ್ದರಿಂದ ಏರಿನಲ್ಲೂ ಹೊರಡುವಾಗಲೂ ದಾರಿ ಹೆಚ್ಚು ಅಂಕುಡೊಂಕಾಗುತ್ತದೆ. ಸಪಾಟು ರಸ್ತೆಯಲ್ಲಿ ಹದವಾಗಿ, ಗುಂಡಗೆ ತುಳಿಯಿರಿ. ಕಾಲನ್ನು ಒದೆಯಬೇಡಿ.

ಇನ್ನು ಬ್ರೇಕ್. ಇಲ್ಲಿ ಸ್ವಲ್ಪ ಲೆಕ್ಕ ಹೇಳುತ್ತೇನೆ, ಸಹಿಸಿಕೊಳ್ಳಿ. ಲೆಕ್ಕ ತಿಳಿದ ಮೇಲೆ ನಾನು ಆ ಬ್ರೇಕನ್ನು ಮುಟ್ಟುವ ರೀತಿಯೇ ಬದಲಾಯಿತು. ಸೀಟಿನ ಮೇಲೆ ಕುಳಿತಾಗ ನಿಮ್ಮ ಮತ್ತು ಸೈಕಲ್ಲಿನ ಒಟ್ಟು ಭಾರದ ಕೇಂದ್ರ ನೆಲದಿಂದ ಸುಮಾರು 145 ಸೆಂಟಿಮೀಟರ್ ಮೇಲಿರುತ್ತದೆ. ಮುಂಚಕ್ರ ನೆಲ ಮುಟ್ಟುವ ಜಾಗದಿಂದ ಎಷ್ಟು ಹಿಂದಿರುತ್ತದೆ? ನನ್ನ ಸೈಕಲ್ಲಿನಲ್ಲಿ ಅಳೆದು ನೋಡಿದೆ, 20ರಿಂದ 22 ಸೆಂಟಿಮೀಟರ್ ಅಷ್ಟೇ. ಬ್ರೇಕ್ ಹಿಡಿದಾಗ ವೇಗ ತಗ್ಗುವ ದರ ಗುರುತ್ವದ ಏಳನೇ ಒಂದು ಭಾಗವನ್ನು ದಾಟಿದರೆ ಸಾಕು, ಹಿಂಚಕ್ರ ನೆಲ ಬಿಡುತ್ತದೆ. ಮಾಮೂಲಿ ಸೈಕಲ್ಲಿನಲ್ಲಿ ಅರ್ಧದಷ್ಟಾದರೂ ಏನೂ ಆಗುವುದಿಲ್ಲ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಬರುವಾಗ ಮಾಮೂಲಿ ಸೈಕಲ್ಲನ್ನು ಮೂರು ಮೀಟರಿನಲ್ಲಿ ನಿಲ್ಲಿಸಬಹುದು. ನಿಮ್ಮದಕ್ಕೆ ಹನ್ನೊಂದು ಮೀಟರ್ ಬೇಕು. ಅದಕ್ಕಿಂತ ಬೇಗ ನಿಲ್ಲಿಸಲು ಹೋದರೆ ಸೈಕಲ್ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಇಳಿಜಾರಿನಲ್ಲಿ ಭಾರದ ಕೇಂದ್ರ ಇನ್ನೂ ಮುಂದಕ್ಕೆ ಜರುಗುತ್ತದೆ, ಇರುವ ಅಲ್ಪ ಅಂತರವೂ ಕರಗುತ್ತದೆ. ನೀವು ಬಿದ್ದದ್ದು ಅದಕ್ಕೇ. ನಿಮ್ಮ ಕೈಚಳಕದಲ್ಲಿ ಕೊರತೆಯೇನಿಲ್ಲ, ದೂರದ ಅಂದಾಜು ಮಾಮೂಲಿ ಸೈಕಲ್ಲಿನದು.

ನನ್ನ ಎಡ ಮಣಿಕಟ್ಟು ಎರಡನೇ ತಿಂಗಳಲ್ಲಿ ಮುರಿದದ್ದು ಹೀಗೆಯೇ. ನಾಯಿಯೊಂದು ಅಡ್ಡ ಬಂತು, ಬೆರಳು ತಾನಾಗಿ ಬ್ರೇಕಿಗೆ ಹೋಯಿತು. ಆರು ವಾರ ಪ್ಲಾಸ್ಟರ್. ಬಲಗೈಯಲ್ಲೇ ಬೋರ್ಡಿನ ಮೇಲೆ ಬರೆಯುವವಳಾದ್ದರಿಂದ ಪಾಠ ನಿಲ್ಲಲಿಲ್ಲ. ಆಮೇಲೆ ಒಂದು ತಿಂಗಳು ಬ್ರೇಕನ್ನು ಕಳಚಿಟ್ಟು ಕಾಲಿನಲ್ಲೇ ನಿಲ್ಲಿಸುವುದನ್ನು ಕಲಿತೆ. ಸಪಾಟು ಮೈದಾನದಲ್ಲಿ ಮಾತ್ರ, ರಸ್ತೆಯಲ್ಲಲ್ಲ.

ಕಾಲೇ ಬ್ರೇಕು. ಈ ಸೈಕಲ್ಲಿಗೆ ಫ್ರೀವೀಲ್ ಇಲ್ಲ. ಚಕ್ರ ತಿರುಗುವವರೆಗೂ ಪೆಡಲ್ ತಿರುಗುತ್ತಲೇ ಇರುತ್ತದೆ. ಮೇಲೇರಿ ಬರುವ ಪೆಡಲ್ಲಿನ ಮೇಲೆ ನಿಮ್ಮ ಭಾರ ಹಾಕುತ್ತಾ ಅದನ್ನು ತಡೆಯುವುದೇ ನಿಲ್ಲಿಸುವ ಕ್ರಮ. ಇಳಿಜಾರು ಕಂಡಾಗ ಆರಂಭದಲ್ಲೇ, ವೇಗ ಬರುವ ಮುಂಚೆಯೇ ತಡೆಯಲು ಶುರುಮಾಡಿ. ವೇಗ ಬಂದ ಮೇಲೆ ಕಾಲು ಪೆಡಲ್ಲಿನಿಂದ ಜಾರಿತೋ, ಸುತ್ತುತ್ತಿರುವ ಪೆಡಲ್ಲನ್ನು ಮತ್ತೆ ಹಿಡಿಯುವುದು ಬಹಳ ಕಷ್ಟ. ಆಗಿನವರು ಇಳಿಜಾರಿನಲ್ಲಿ ಎರಡು ಕಾಲನ್ನೂ ಹ್ಯಾಂಡಲ್ ಮೇಲೆ ಹಾಕಿಕೊಂಡು ಹೋಗುತ್ತಿದ್ದರು. ಬಿದ್ದರೆ ತಲೆಯ ಬದಲು ಪಾದ ಮೊದಲು ನೆಲ ಮುಟ್ಟಲಿ ಎಂಬ ಲೆಕ್ಕಾಚಾರ. ಹ್ಯಾಂಡಲ್ಲನ್ನು ತೊಡೆಗಳ ಹಿಂದಿನಿಂದ ತಂದ ವಾಟನ್ ಹ್ಯಾಂಡಲ್ ಎಂಬ ವಿನ್ಯಾಸವೂ ಇದೇ ಕಾರಣಕ್ಕೆ ಬಂತು. ಮುಂದಕ್ಕೆ ಹಾರುವಾಗ ಕಾಲು ಸಿಕ್ಕಿಬೀಳಬಾರದು ಎಂದು. ನೀವು ಇದ್ಯಾವುದನ್ನೂ ಮಾಡಬೇಡಿ. ಇಳಿಜಾರು ಕಡಿದಾಗಿದ್ದರೆ ಇಳಿದು ತಳ್ಳಿಕೊಂಡು ಹೋಗಿ. 1884ರಲ್ಲಿ ಥಾಮಸ್ ಸ್ಟೀವನ್ಸ್ 50 ಇಂಚಿನ ಕೊಲಂಬಿಯಾ ಸೈಕಲ್ಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬಾಸ್ಟನ್‌ವರೆಗೆ ಹೋದಾಗ ದಾರಿಯ ಸುಮಾರು ಮೂರನೇ ಒಂದು ಭಾಗವನ್ನು ನಡೆದೇ ದಾಟಿದ್ದ. ಅದೇ ಮನುಷ್ಯ 1886ರಲ್ಲಿ ಲಾಹೋರಿನಿಂದ ಕಲ್ಕತ್ತೆಯವರೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಸೈಕಲ್ ತುಳಿದ. ಅವನು ನಡೆದ ಮೇಲೆ ನಮಗೆ ನಡೆಯಲು ಸಂಕೋಚವೇಕೆ?

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನೀವು ಹತ್ತುವುದನ್ನು ಮೊದಲು ಕಲಿತಿರಿ, ತೊಂದರೆ ಅಲ್ಲೇ ಇದೆ. ನಾಳೆಯಿಂದ ಸೀಟಿನ ಮೇಲೆ ಕೂರಬೇಡಿ. ಕಾರು ನಿಲ್ಲಿಸುವ ಖಾಲಿ ಜಾಗ, ಕಂಡೂ ಕಾಣದಷ್ಟು ಇಳಿಜಾರಿರುವುದು, ಒಂದನ್ನು ಹುಡುಕಿ. ಹುಲ್ಲು ಬೇಡ, ಹುಲ್ಲು ವೇಗವನ್ನು ನುಂಗುತ್ತದೆ. ಸೈಕಲ್ಲಿನ ಹಿಂದೆ ನಿಂತು ಹ್ಯಾಂಡಲ್ ಹಿಡಿದು, ಎಡಗಾಲನ್ನು ಮೆಟ್ಟಿಲ ಮೇಲಿಟ್ಟು, ಬಲಗಾಲಿನಲ್ಲಿ ಮೂರು ಸಲ ಕುಪ್ಪಳಿಸಿ ಎದ್ದು ನಿಲ್ಲಿ. ಹಾಗೇ ಮೆಟ್ಟಿಲ ಮೇಲೆ ನಿಂತೇ ಸಾಗಿ. ಆಮೇಲೆ ಬಲಗಾಲನ್ನು ಹಿಂದಕ್ಕೆ ನೆಲಕ್ಕಿಡಿ. ದಿನಕ್ಕೆ ಐವತ್ತು ಸಲ. ಎಡ ಪಾದಕ್ಕೆ ಆ ಮೆಟ್ಟಿಲು ನಿಮ್ಮ ಮನೆಯ ಹೊಸ್ತಿಲಿನಷ್ಟು ಪರಿಚಯವಾಗಬೇಕು. ಕತ್ತಲಲ್ಲಿ ಎದ್ದು ನೀರು ಕುಡಿಯಲು ಹೋಗುವಾಗ ಹೊಸ್ತಿಲನ್ನು ಯಾರೂ ನೋಡಿ ದಾಟುವುದಿಲ್ಲ.

ಇದು ಬಂದ ಮೇಲೆ ಸೀಟಿಗೆ ಜಾರಿ, ಪೆಡಲ್ ಮುಟ್ಟದೆ, ಕಾಲು ಇಳಿಬಿಟ್ಟುಕೊಂಡು, ಮತ್ತೆ ಮೆಟ್ಟಿಲಿಗೆ ಬನ್ನಿ. ಕೊನೆಯದಾಗಿ ತುಳಿಯುತ್ತಾ ಇಳಿಯುವುದು. ಎಡ ಪೆಡಲ್ ಕೆಳಗೆ ಹೋಗಿ ಮೇಲೇಳಲು ಶುರುವಾದ ಕ್ಷಣ ಅದೇ ನಿಮ್ಮನ್ನು ಎತ್ತಿಕೊಡುತ್ತದೆ. ಆಗ ಎಡಗಾಲನ್ನು ಹಿಂದಕ್ಕೆ ತನ್ನಿ. ಕೆಳಗೆ ನೋಡಬೇಡಿ. ನೋಡಿದರೆ ತಲೆ ಬಾಗುತ್ತದೆ, ತಲೆಯ ಜೊತೆ ಭಾರವೂ ಮುಂದಕ್ಕೆ ಹೋಗುತ್ತದೆ. ಮುಖ್ಯವಾಗಿ, ನಡೆಯುವವರ ವೇಗಕ್ಕಿಂತ ಸ್ವಲ್ಪ ಹೆಚ್ಚಿರುವಾಗಲೇ ಇಳಿಯಲು ಆರಂಭಿಸಿ. ನೀವು ಪೂರ್ತಿ ನಿಂತ ಮೇಲೆ ಇಳಿಯಲು ಹೋಗುತ್ತಿದ್ದೀರಿ ಎಂದು ಕಾಣುತ್ತದೆ. ನಿಂತ ಚಕ್ರಕ್ಕೆ ಸಮತೋಲವಿಲ್ಲ.

ಎತ್ತರಕ್ಕೆ ಹೆದರಬೇಡಿ. ಅಂಗೈ ಮೇಲೆ ಪೆನ್ಸಿಲ್ ನಿಲ್ಲಿಸಿ ನೋಡಿ, ಆಮೇಲೆ ಉದ್ದನೆಯ ಕೋಲು ನಿಲ್ಲಿಸಿ ನೋಡಿ. ಕೋಲೇ ಸುಲಭ, ಏಕೆಂದರೆ ಉದ್ದವಿದ್ದಷ್ಟೂ ನಿಧಾನವಾಗಿ ವಾಲುತ್ತದೆ, ಸರಿಪಡಿಸಲು ಸಮಯ ಕೊಡುತ್ತದೆ. ಪಕ್ಕಕ್ಕೆ ಬೀಳುವ ವಿಷಯದಲ್ಲಿ ಎತ್ತರ ನಿಮ್ಮ ಗೆಳೆಯ. ಒಮ್ಮೆ ಹದವಾದ ವೇಗ ಬಂದರೆ ಇಷ್ಟು ನೆಮ್ಮದಿಯಿಂದ ನೇರ ಸಾಗುವ ಸೈಕಲ್ ಇನ್ನೊಂದಿಲ್ಲ. ದೊಡ್ಡ ಚಕ್ರ ಗುಂಡಿಯೊಳಗೆ ಇಳಿಯುವುದೂ ಕಡಿಮೆ. ಇಪ್ಪತ್ತು ಸೆಂಟಿಮೀಟರ್ ಅಗಲದ ಗುಂಡಿಯಲ್ಲಿ 28 ಇಂಚಿನ ಚಕ್ರ ಒಂದೂವರೆ ಸೆಂಟಿಮೀಟರ್ ಇಳಿದರೆ ನಿಮ್ಮದು ಇಳಿಯುವುದು ಒಂದಕ್ಕಿಂತ ಕಡಿಮೆ. ಗಟ್ಟಿ ರಬ್ಬರಿನ ಟೈರ್ ಇದ್ದೂ ಆ ಕಾಲದವರ ಬೆನ್ನು ಉಳಿದದ್ದು ಇದರಿಂದ. ಡನ್ಲಪ್ ಅವರ ಗಾಳಿ ಟೈರ್ ಬಂದದ್ದು 1888ರಲ್ಲಿ. ಅಷ್ಟು ಹೊತ್ತಿಗೆ ಸ್ಟಾರ್ಲಿಯ ಅಣ್ಣನೋ ತಮ್ಮನೋ ಆದವರ ಮಗ ಜಾನ್ ಕೆಂಪ್ ಸ್ಟಾರ್ಲಿ ಇದೇ ಊರಿನಲ್ಲಿ, 1885ರಲ್ಲಿ, ಎರಡೂ ಚಕ್ರ ಹೆಚ್ಚುಕಡಿಮೆ ಸಮನಾದ, ಚೈನಿನ ರೋವರ್ ಸೈಕಲ್ ಮಾಡಿ ಆಗಿತ್ತು. ಹಿರಿಯ ಸ್ಟಾರ್ಲಿ ಕಟ್ಟಿದ್ದನ್ನು ಅವರ ಸಹೋದರನ ಮಗನೇ ಹಿಂದಕ್ಕೆ ಸರಿಸಿದ.

ಮುಂದಕ್ಕೆ ಬೀಳುವ ಈ ಒಂದು ಭಯಕ್ಕಾಗಿ ಆ ಹತ್ತು ವರ್ಷದಲ್ಲಿ ಜನ ಎಂತೆಂಥ ಗಾಡಿಗಳನ್ನು ಕಟ್ಟಿದರು! ಅಮೆರಿಕದ ಸ್ಟಾರ್ ಸೈಕಲ್ಲಿನಲ್ಲಿ ಪುಟ್ಟ ಚಕ್ರವನ್ನೇ ಮುಂದಕ್ಕೆ ತಂದು, ತುಳಿಯುವ ದೊಡ್ಡ ಚಕ್ರವನ್ನು ಹಿಂದಕ್ಕಿಟ್ಟರು. 1885ರಲ್ಲಿ ಒಬ್ಬರು ಅದರಲ್ಲಿ ವಾಷಿಂಗ್ಟನ್ನಿನ ಸಂಸತ್ ಭವನದ ಮೆಟ್ಟಿಲುಗಳ ಮೇಲೆ ಇಳಿದುಬರುವ ಫೋಟೋ ಇದೆ. ಅದರ ಕಷ್ಟವೇ ಬೇರೆ: ಏರಿನಲ್ಲಿ ಜೋರಾಗಿ ತುಳಿದರೆ ಮುಂಚಕ್ರ ಎದ್ದುಬಿಡುತ್ತದೆ. ಆಟ್ಟೊ ಎಂಬವರ ಗಾಡಿಯಲ್ಲಿ ಎರಡು ದೊಡ್ಡ ಚಕ್ರ ಅಕ್ಕಪಕ್ಕ, ನಡುವೆ ಸೀಟು. ಬರ್ಮಿಂಗ್‌ಹ್ಯಾಮ್‌ನ ಬಿಎಸ್ಎ ಕಂಪನಿ ತಯಾರಿಸುತ್ತಿತ್ತು. ತಿರುಗಬೇಕಾದರೆ ಒಂದು ಪಕ್ಕದ ಚಕ್ರಕ್ಕೆ ಹೋಗುವ ಪಟ್ಟಿಯನ್ನು ಸಡಿಲ ಬಿಡಬೇಕು, ಎತ್ತಿನ ಗಾಡಿ ತಿರುಗಿಸುವಾಗ ಒಂದು ಎತ್ತನ್ನು ತಡೆದು ಇನ್ನೊಂದನ್ನು ನಡೆಸುವ ಹಾಗೆ. ಇದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಈಗ ಉತ್ತರಪತ್ರಿಕೆ ತಿದ್ದುವುದಿದೆ.

ಟಿಕ್ ಸದ್ದಿನ ವಿಷಯ ಧಾರವಾಡದ ಕಾಕಾ ಹೇಳಲಿ. ಕಾಕಾ, ಇಲ್ಲಿದ್ದೀರಾ?

ಧಾರವಾಡ ರಿಪೇರಿ:

ಇದ್ದೇನೆ ತಂಗಿ. ಬೆಳಿಗ್ಗೆಯೇ ಓದಿದೆ, ಅಂಗಡಿ ಮುಚ್ಚಿ ಬಂದು ಬರೆಯುತ್ತಿದ್ದೇನೆ.

ನಲವತ್ತೊಂದು ವರ್ಷ ಸೈಕಲ್ ರಿಪೇರಿ ಮಾಡಿದ್ದೇನೆ. ಈ ಎತ್ತರದ ಸೈಕಲ್ಲನ್ನು ಮುಟ್ಟಿ ನೋಡುವ ಅವಕಾಶ ಸಿಕ್ಕಿಲ್ಲ. ಆದರೆ ಚಕ್ರ ಚಕ್ರವೇ. ತಮ್ಮಾ, ಮಾಮೂಲಿ ಸೈಕಲ್ಲಿನಲ್ಲಿ ಸದ್ದು ಬಂದರೆ ನಾವು ಮೊದಲು ಎಣಿಸುತ್ತೇವೆ. ಪೆಡಲ್ ಒಂದು ಸುತ್ತಿಗೆ ಒಂದು ಸಲ ಬಂದರೆ ಕ್ರ್ಯಾಂಕ್ (ಪೆಡಲ್ ಸಿಕ್ಕಿಸುವ ತೋಳು) ಅಥವಾ ಪೆಡಲ್. ಚಕ್ರದ ಸುತ್ತಿಗೆ ಒಂದು ಸಲ ಬಂದರೆ ಕಡ್ಡಿ, ರಿಮ್ ಅಥವಾ ಟೈರ್. ಪೆಡಲ್ ಒಂದು ಸುತ್ತು ಹೋಗುವಷ್ಟರಲ್ಲಿ ಚಕ್ರ ಎರಡು ಸುತ್ತಿಗಿಂತ ಹೆಚ್ಚು ತಿರುಗುವುದರಿಂದ ಕಿವಿಗೆ ವ್ಯತ್ಯಾಸ ತಿಳಿಯುತ್ತದೆ. ನಿನ್ನದರಲ್ಲಿ ಪೆಡಲ್ ಮತ್ತು ಚಕ್ರ ಒಟ್ಟಿಗೇ ತಿರುಗುತ್ತವೆ. ಎಣಿಸಿದರೆ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ಬೇರೆ ದಾರಿ ಹಿಡಿಯಬೇಕು.

ಯಾರನ್ನಾದರೂ ಕರೆದು ಮುಂಭಾಗವನ್ನು ನೆಲದಿಂದ ಎತ್ತಿಸಿ ಚಕ್ರವನ್ನು ಕೈಯಲ್ಲಿ ತಿರುಗಿಸು. ಸದ್ದು ಬಂದರೆ ಏನೋ ಎಲ್ಲೋ ತಾಗುತ್ತಿದೆ, ನೋಡಿದರೆ ಸಿಗುತ್ತದೆ. ಬರದಿದ್ದರೆ ಭಾರ ಬಿದ್ದಾಗ ಮಾತ್ರ ಬರುವ ಸದ್ದು. ಆಗ ಚಕ್ರವನ್ನು ನೆಲಕ್ಕಿಟ್ಟು, ಅಲುಗದಂತೆ ಹಿಡಿಸಿ, ಒಂದೊಂದೇ ಪೆಡಲ್ಲನ್ನು ಅಂಗೈಯಿಂದ ಒತ್ತಿ ಬಿಡು. ಪೆಡಲ್ಲಿನ ಬುಡಕ್ಕೆ ಇನ್ನೊಂದು ಕೈಯ ಬೆರಳಿಟ್ಟುಕೊಂಡಿರು. ಸಡಿಲವಿದ್ದರೆ ಬೆರಳಿಗೆ ತಿಳಿಯುತ್ತದೆ, ಕಿವಿಗಿಂತ ಬೆರಳು ನಂಬಿಕಸ್ಥ. ಚಿತ್ರಗಳಲ್ಲಿ ನೋಡಿದಂತೆ ಆ ಕ್ರ್ಯಾಂಕಿನಲ್ಲಿ ಉದ್ದನೆಯ ಸೀಳು ಇರುತ್ತದೆ. ಕಾಲಿನ ಉದ್ದಕ್ಕೆ ತಕ್ಕಂತೆ ಪೆಡಲ್ಲನ್ನು ಅದರಲ್ಲಿ ಮೇಲೆ ಕೆಳಗೆ ಸರಿಸಿ ನಟ್ಟು ಬಿಗಿಯುತ್ತಾರೆ. ನಿನಗೆ ಕೊಟ್ಟವರ ಕಾಲಿಗೆ ಹೊಂದಿಸಿದ್ದನ್ನು ನಿನಗೆಂದು ಬದಲಿಸಿದ್ದರೆ, ನನಗೆ ಮೊದಲ ಅನುಮಾನ ಆ ನಟ್ಟಿನ ಮೇಲೆ.

ಆಮೇಲೆ ಕಡ್ಡಿಗಳು. ಎತ್ತಿನ ಗಾಡಿಯ ಗಾಲಿಯಲ್ಲಿ ಮರದ ಅರಗಳು ಕೆಳಗಿನಿಂದ ಭಾರ ಹೊರುತ್ತವೆ, ಕಂಬದ ಹಾಗೆ. ತಂತಿಯ ಕಡ್ಡಿ ಕಂಬವಲ್ಲ, ಎಳೆದು ಕಟ್ಟಿದ ಹಗ್ಗ. ಎಲ್ಲ ಕಡ್ಡಿಗಳೂ ಒಂದೇ ಬಿಗಿಯಲ್ಲಿ ಎಳೆದಿದ್ದರೆ ಮಾತ್ರ ರಿಮ್ ದುಂಡಗೆ ನಿಲ್ಲುತ್ತದೆ. ಪ್ಯಾರಿಸ್ಸಿನ ಯೂಜೀನ್ ಮೇಯರ್ 1869ರಲ್ಲಿ ಇಂಥ ಎಳೆದ ತಂತಿಯ ಚಕ್ರಕ್ಕೆ ಪೇಟೆಂಟ್ ಪಡೆದರು. ತಂಗಿ ಹೇಳಿದ ಸ್ಟಾರ್ಲಿ 1874ರಲ್ಲಿ ಕಡ್ಡಿಗಳನ್ನು ಚಕ್ರದ ನಡುವಿನ ಹಬ್ಬಿನಿಂದ ನೇರವಾಗಿ ಹೊರಡಿಸದೆ ಓರೆಯಾಗಿ, ಒಂದರ ಮೇಲೊಂದು ಹಾಯಿಸಿ ಕಟ್ಟುವ ಕ್ರಮಕ್ಕೆ ಪೇಟೆಂಟ್ ಪಡೆದರು. ಇವತ್ತಿಗೂ ನಾನು ಕೂತು ಕಟ್ಟುವ ಪ್ರತಿಯೊಂದು ಹಿಂಚಕ್ರವೂ ಅದೇ ಕ್ರಮದ್ದು. ತುಳಿತ ಹಬ್ಬಿನಿಂದ ರಿಮ್ಮಿಗೆ ಹೋಗಬೇಕಾದರೆ ಓರೆ ಕಡ್ಡಿಯೇ ಒಳ್ಳೆಯದು. ಆ ಮನುಷ್ಯನಿಗೆ ನನ್ನ ಕೈಗಳು ಋಣಿ. ಬೆರಳಿನಿಂದ ಒಂದೊಂದೇ ಕಡ್ಡಿಯನ್ನು ಮೀಟುತ್ತಾ ಹೋಗು. ಸ್ವರ ಎಲ್ಲ ಒಂದೇ ಇರಬೇಕು. ಒಂದು ಮಂಕಾಗಿ ಮಾತಾಡಿದರೆ ಅದಕ್ಕೆ ಗುರುತು ಹಾಕು. ಆದರೆ ಪಾನಾ ಹಿಡಿದು ನೀನೇ ತಿರುಗಿಸಬೇಡ. ಅಷ್ಟು ದೊಡ್ಡ ಚಕ್ರದ ಬೆಂಡ್ ತೆಗೆಯುವುದು ಅಭ್ಯಾಸವಿದ್ದವರ ಕೆಲಸ.

ಕೊನೆಗೆ ಟೈರ್. ಗಟ್ಟಿ ರಬ್ಬರು ರಿಮ್ಮಿನಿಂದ ಎಲ್ಲಾದರೂ ಬಿಟ್ಟಿದೆಯೇ ಎಂದು ಸುತ್ತಲೂ ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿ ನೋಡು. ಬಿಟ್ಟಿದ್ದರೆ ಅದು ಸರಿಯಾಗುವವರೆಗೂ ಹತ್ತಬೇಡ.

ಒಂದು ವಿಷಯ ಹೇಳಿ ಮುಗಿಸುತ್ತೇನೆ. ಗೇರ್ ಸೈಕಲ್ ತರುವ ಹುಡುಗರು "ಇಷ್ಟು ಇಂಚಿನ ಗೇರ್" ಎಂದು ಮಾತಾಡುತ್ತಾರೆ. ಆ ಇಂಚು ನಿನ್ನ ಸೈಕಲ್ಲಿನಿಂದ ಬಂದದ್ದು. ಚೈನು, ಹಲ್ಲು ಎಲ್ಲ ಸೇರಿ ಎಷ್ಟು ದೊಡ್ಡ ಚಕ್ರವನ್ನು ನೇರವಾಗಿ ತುಳಿದಂತಾಯಿತು ಎಂಬ ಲೆಕ್ಕ. ನಮ್ಮ 28 ಇಂಚಿನ ದೊಡ್ಡ ಸೈಕಲ್ಲಿಗೆ ಮುಂದೆ 44, ಹಿಂದೆ 18 ಹಲ್ಲಿದ್ದರೆ 68 ಇಂಚಾಗುತ್ತದೆ. ಅಂದರೆ ಹಾಲಿನ ಕ್ಯಾನು ಕಟ್ಟಿಕೊಂಡು ನನ್ನ ಅಂಗಡಿಗೆ ಬರುವ ರೈತ ಒಂದು ತುಳಿತಕ್ಕೆ ನಿನ್ನ 48 ಇಂಚಿನ ಚಕ್ರಕ್ಕಿಂತ ಬಹಳ ಮುಂದೆ ಹೋಗುತ್ತಾನೆ. ಸಣ್ಣ ಚಕ್ರ, ಚೈನು ಸಾಕಾಯಿತು. ಆ ದೊಡ್ಡ ಚಕ್ರ ಯಾಕೆ ಹೋಯಿತು ಎಂಬುದು ನನಗೆ ಈ ಲೆಕ್ಕದಿಂದ ಸ್ಪಷ್ಟವಾಗಿ ಕಂಡಿತು.

ತೆಂಗಿನನಾಡು, ಲಾನ್ಸೆಸ್ಟನ್ (ಮೂರು ವಾರದ ನಂತರ):

ಅಕ್ಕ, ಕಾಕಾ, ಇಬ್ಬರಿಗೂ ವಂದನೆ. ತಡವಾಗಿ ಬರೆಯುತ್ತಿದ್ದೇನೆ, ಮಾಡಿ ನೋಡಿದ ಮೇಲೇ ಬರೆಯಬೇಕೆಂದು ಕಾದೆ.

ಕಾಕಾ ಹೇಳಿದ್ದೇ ನಿಜ. ಕ್ರ್ಯಾಂಕಿನ ಸೀಳಿನಲ್ಲಿ ಬಲ ಪೆಡಲ್ಲಿನ ನಟ್ಟು ಸಡಿಲವಿತ್ತು. ಬೆರಳಿಟ್ಟು ಒತ್ತಿದಾಗ ಕೂದಲೆಳೆಯಷ್ಟು ಅಲುಗಿತು. ಬಿಗಿದ ಮೇಲೆ ಸದ್ದು ಹೋಗಿದೆ. ಕಡ್ಡಿಗಳನ್ನು ಮೀಟಿದೆ, ಎಲ್ಲವೂ ಒಂದೇ ಸ್ವರ. ಟೈರ್ ಗಟ್ಟಿಯಾಗಿದೆ.

ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಏಳೂವರೆಗೆ ಮನೆ ಹತ್ತಿರದ ಕಾರು ನಿಲ್ಲಿಸುವ ಜಾಗಕ್ಕೆ ಹೋಗುತ್ತಿದ್ದೆ. ಸೀಟು ಮುಟ್ಟದೆ ಬರೀ ಮೆಟ್ಟಿಲು. ಜೇಬಿನಲ್ಲಿ ಐವತ್ತು ಹುಣಸೆ ಬೀಜ ಹಾಕಿಕೊಂಡು, ಒಂದೊಂದು ಸಲಕ್ಕೆ ಒಂದನ್ನು ಇನ್ನೊಂದು ಜೇಬಿಗೆ ಹಾಕುತ್ತಿದ್ದೆ. ಮೊದಲ ನಾಲ್ಕು ದಿನ ವ್ಯರ್ಥವೆನಿಸಿತು. ಒಂಬತ್ತನೇ ದಿನ ಸೀಟಿನಿಂದ ಹಿಂದಕ್ಕೆ ಜಾರಿದೆ, ಪಾದ ಮೆಟ್ಟಿಲ ಮೇಲೆ ಕುಳಿತಿತ್ತು. ನಾನು ಹುಡುಕಿರಲೇ ಇಲ್ಲ. ಹೊಸ್ತಿಲಿನ ಮಾತು ಆಗ ಅರ್ಥವಾಯಿತು. ಈಗ ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿ ಇಳಿಯುತ್ತೇನೆ.

ಚಿಕ್ಕವನಿದ್ದಾಗ ಅಪ್ಪನ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಕಲಿತವನು ನಾನು. ಸೀಟು ಕೈಗೆ ಸಿಗುತ್ತಿರಲಿಲ್ಲ, ಅಡ್ಡ ಪೈಪಿನ ಕೆಳಗಿನಿಂದ ಕಾಲು ತೂರಿಸಿ ಅರ್ಧರ್ಧ ತುಳಿಯುತ್ತಿದ್ದೆ. ಮೈಯನ್ನು ಒಂದು ಕಡೆ, ಸೈಕಲ್ಲನ್ನು ಇನ್ನೊಂದು ಕಡೆ ವಾಲಿಸಿಕೊಂಡು ಹೋಗುತ್ತಿದ್ದ ಆ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂತು. ಮೆಟ್ಟಿಲ ಮೇಲೆ ನಿಂತು ಸಾಗುವಾಗ ಮೈ ಇರುವುದು ಥೇಟ್ ಹಾಗೆಯೇ. ಅಪ್ಪನಿಗೆ ವಿಡಿಯೋ ಕರೆಯಲ್ಲಿ ತೋರಿಸಿದೆ. ತುಂಬ ಹೊತ್ತು ನೋಡಿ, "ಕ್ಯಾರಿಯರ್ ಎಲ್ಲಿ ಕಟ್ಟುತ್ತಾರೆ?" ಎಂದು ಕೇಳಿದರು.

ಈಗ ತಿರುವಿನ ಪ್ರಶ್ನೆ. ಚಿಕ್ಕ ತಿರುವಿನಲ್ಲಿ ಚಕ್ರ ಒಳತೊಡೆಗೆ ಉಜ್ಜುತ್ತದೆ, ಹೊರಗಿನ ಕಾಲಿಗೆ ಪೆಡಲ್ ದೂರವಾಗುತ್ತದೆ. ಹಳ್ಳಿಯ ಬೀದಿಗಳಲ್ಲಿ ಸುತ್ತಬೇಕೆಂದರೆ ತಿರುವು ತಪ್ಪದು. ಏನು ಮಾಡಲಿ?

ಗಾಲಿಗೆಳತಿ, ಕೊವೆಂಟ್ರಿ:

ಹುಣಸೆ ಬೀಜದ ಸಂಗತಿ ಓದಿ ಬಹಳ ಸಂತೋಷವಾಯಿತು.

ತಿರುವಿಗೆ ಹ್ಯಾಂಡಲ್ಲನ್ನು ಕಡಿಮೆ ತಿರುಗಿಸಿ, ಸೈಕಲ್ಲನ್ನು ಹೆಚ್ಚು ವಾಲಿಸಿ. ಅದಕ್ಕೆ ಸ್ವಲ್ಪ ವೇಗ ಬೇಕು, ಆದ್ದರಿಂದ ತಿರುವಿಗೆ ಮುಂಚೆಯೇ ಕಾಲಿನಿಂದ ತಡೆದು ಹದ ಮಾಡಿಕೊಂಡು, ತಿರುವಿನೊಳಗೆ ಸಮನಾಗಿ ತುಳಿಯುತ್ತಲೇ ಹೋಗಿ. ತಿರುವಿನ ನಡುವೆ ತಡೆಯುವುದೂ ಬೇಡ, ಜೋರಾಗಿ ತುಳಿಯುವುದೂ ಬೇಡ. ತುಳಿತ ಹ್ಯಾಂಡಲ್ಲನ್ನು ಎಳೆಯುತ್ತದೆ ಎಂದಿದ್ದೆನಲ್ಲ, ವಾಲಿರುವಾಗ ಆ ಎಳೆತ ಬಂದರೆ ಗೆರೆ ತಪ್ಪುತ್ತದೆ. ಹೊರಗಿನ ಕಾಲಿಗೆ ಪೆಡಲ್ ದೂರವಾದರೆ ಸೊಂಟವನ್ನು ಸೀಟಿನ ಮೇಲೆ ಆ ಕಡೆಗೆ ಒಂದಿಷ್ಟು ಜರುಗಿಸಿ. ಉಜ್ಜಾಟಕ್ಕೆ ದಪ್ಪ ಬಟ್ಟೆಯ ಪ್ಯಾಂಟ್ ಹಾಕಿಕೊಳ್ಳಿ, ಪಾದದ ಹತ್ತಿರ ಬಿಗಿಯಾಗಿ ಕಟ್ಟಿಕೊಳ್ಳಿ. ಸಡಿಲ ಬಟ್ಟೆ ಕಡ್ಡಿಗೆ ಸಿಕ್ಕರೆ ಎತ್ತರದಿಂದ ಬೀಳುತ್ತೀರಿ.

ಅಭ್ಯಾಸಕ್ಕೆ ನಮ್ಮ ಶಾಲೆಗಳಲ್ಲಿ ಮಾಡಿಸುತ್ತಿದ್ದ ನಿಧಾನ ಸೈಕಲ್ ಸ್ಪರ್ಧೆಯೇ ಒಳ್ಳೆಯದು. ಎರಡು ಸುಣ್ಣದ ಗೆರೆಗಳ ನಡುವೆ ಕಾಲು ಊರದೆ ಎಲ್ಲರಿಗಿಂತ ಕೊನೆಗೆ ಬರುವುದು. ದಾವಣಗೆರೆಯಲ್ಲಿ ಎಂಟನೇ ತರಗತಿಯಲ್ಲಿ ಅದರಲ್ಲಿ ನನಗೆ ಸ್ಟೀಲ್ ಲೋಟ ಬಹುಮಾನ ಬಂದಿತ್ತು, ಈಗಲೂ ಅದರಲ್ಲೇ ಕಾಫಿ ಕುಡಿಯುತ್ತೇನೆ. ಚೀಲದಿಂದ ಪುಡಿ ಸುರಿದು ಎರಡು ಗೆರೆ ಎಳೆದುಕೊಳ್ಳಿ, ಗೆರೆಗಳ ನಡುವೆ ಒಂದೂವರೆ ಮೀಟರ್ ಇರಲಿ. ಮೊದಲು ನೇರ, ಆಮೇಲೆ ಬಾಗಿಸಿದ ಗೆರೆ.

ಧಾರವಾಡ ರಿಪೇರಿ:

ನಟ್ಟು ಒಮ್ಮೆ ಸಡಿಲವಾದದ್ದು ಮತ್ತೆ ಆಗುತ್ತದೆ ತಮ್ಮಾ. ವಾರಕ್ಕೊಮ್ಮೆ ಬೆರಳಿಟ್ಟು ನೋಡು.

ಸಾಧ್ಯವಾದರೆ ಹಬ್ಬಿನ ಹತ್ತಿರದಿಂದ ಒಂದು ಫೋಟೋ ತೆಗೆದು ಹಾಕು. ಹಳೆಯ ಕೆಲವು ಚಕ್ರಗಳಲ್ಲಿ ಕಡ್ಡಿಯನ್ನೇ ಹಬ್ಬಿನ ಅಂಚಿಗೆ ತಿರುಪಿನಂತೆ ತಿರುಗಿಸಿ ಸೇರಿಸುತ್ತಿದ್ದರು, ಕಡ್ಡಿ ಬಿಗಿಯುವ ಪುಟ್ಟ ನಟ್ಟು, ಅಂದರೆ ನಿಪ್ಪಲ್, ಇರುತ್ತಿರಲಿಲ್ಲ ಎಂದು ಓದಿದ್ದೇನೆ. ನಿನ್ನದರಲ್ಲಿ ಹೇಗಿದೆ ಎಂದು ನೋಡುವ ಆಸೆ. ನನ್ನ ಕೈಕೆಳಗೆ ಕೆಲಸ ಕಲಿಯುತ್ತಿರುವ ಹುಡುಗನಿಗೂ ತೋರಿಸಬೇಕು.